ಕಾಳಿಯ ಕೊನೆಯ ಕೇರಿ



2024ನೆಯ ಇಸವಿಯ ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿದುಬಿದ್ದ ಸುದ್ದಿಯನ್ನು ತಾವೆಲ್ಲರೂ ದೂರದರ್ಶನದಲ್ಲಿ ನೋಡಿದ್ದೀರಿ. ಅಂದು ಬೆಳಗಾಗುವಷ್ಟರಲ್ಲಿ ನನಗೆ ಬಂದ ದೂರವಾಣಿ ಕರೆಗಳಿಗೆ ಲೆಕ್ಕವಿರಲಿಲ್ಲ. ಅಂಬಿಕಾನಗರದ ಹಳೆಯ ವಿದ್ಯಾರ್ಥಿಗಳು, ಹಳಿಯಾಳದ ಬಂಧುಗಳು, ಬೆಂಗಳೂರಿನಲ್ಲಿರುವ ಮಗಳು, ಹೀಗೆ ಎಲ್ಲರದೂ ಒಂದೇ ಪ್ರಶ್ನೆ: "ಸರ್, ನೀವು ಕ್ಷೇಮವೇ?" ಕ್ಷೇಮಸಮಾಚಾರ ತಿಳಿದ ಮೇಲೆ ಎರಡನೆಯ ಪ್ರಶ್ನೆ ಬಂದೇ ಬರುತ್ತಿತ್ತು: "ಈ ವಯಸ್ಸಿನಲ್ಲಿ ಆ ಹೊಳೆಯ ದಂಡೆಯ ಮೇಲೆ ಏಕೆ ಇದ್ದೀರಿ? ಮನೆ ಮಾರಿ ಧಾರವಾಡಕ್ಕೋ ಬೆಂಗಳೂರಿಗೋ ಹೋಗಬಾರದೇ?"

ಆಗ ನಾನು ಸರಿಯಾದ ಉತ್ತರ ಕೊಡಲಿಲ್ಲ. ಮೇಷ್ಟರಾದವನಿಗೆ ಒಂದೇ ಪ್ರಶ್ನೆಗೆ ಇಪ್ಪತ್ತು ಮಂದಿಗೆ ಬೇರೆ ಬೇರೆಯಾಗಿ ಉತ್ತರ ಹೇಳುವುದಕ್ಕಿಂತ ಎಲ್ಲರನ್ನೂ ಕುಳ್ಳಿರಿಸಿ ಒಮ್ಮೆಗೇ ಪಾಠ ಹೇಳುವುದು ಸುಲಭ. ಆ ಪಾಠವನ್ನು ಈಗ ಬರೆಯುತ್ತಿದ್ದೇನೆ. ಇದು ನಾನಿರುವ ಕೋಡಿಬಾಗವೆಂಬ ಕೇರಿಯ ಚರಿತ್ರೆ. ಕೊನೆಯಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಅದು ಅಂಬಿಕಾನಗರದಲ್ಲಿ ನನ್ನ ಬಳಿ ಓದಿದ ಒಬ್ಬ ಹುಡುಗನಿಗೆ ಸಂಬಂಧಿಸಿದ್ದು.

ಹಿನ್ನೆಲೆಯನ್ನು ಬಂಧುಗಳು ಬಲ್ಲರು, ಉಳಿದವರಿಗಾಗಿ ಎರಡು ಮಾತು. ಧಾರವಾಡದಲ್ಲಿ ಬಿ.ಎಡ್. ಮುಗಿಸಿ 1983ರಲ್ಲಿ ನಾನು ಅಂಬಿಕಾನಗರಕ್ಕೆ ಬಂದೆ. ಆಗ ಅದು ಕಾಡಿನ ನಡುವೆ ಹೊಸದಾಗಿ ಎದ್ದ ವಿದ್ಯುತ್ ಯೋಜನೆಯ ಊರು. ಮದುವೆಯಾದದ್ದು ಕಾರವಾರದ ಕೋಡಿಬಾಗದ ಮನೆತನದಲ್ಲಿ. ಮೂವತ್ತೈದು ವರ್ಷಗಳ ಸೇವೆಯ ಅನಂತರ ನಿವೃತ್ತನಾದಾಗ ವಸತಿಗೃಹವನ್ನು ಬಿಟ್ಟುಕೊಡಬೇಕಾಯಿತು. ಪತ್ನಿಯ ತವರಿನ ಹಳೆಯ ಹೆಂಚಿನ ಮನೆ ಖಾಲಿ ಬಿದ್ದಿತ್ತು, ನಾವು ಅಲ್ಲಿಗೆ ಬಂದು ನೆಲೆಸಿದೆವು. ಬಂದ ಮೇಲೆ ಒಂದು ದಿನ ಭೂಪಟವನ್ನು ಬಿಡಿಸಿ ನೋಡಿದಾಗ ನನಗೆ ಹೊಳೆಯಿತು: ನಾನು ಊರು ಬದಲಿಸಿದ್ದೇನೆಯೇ ಹೊರತು ನದಿಯನ್ನು ಬದಲಿಸಿಲ್ಲ. ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು ಅರಬ್ಬೀ ಸಮುದ್ರವನ್ನು ಸೇರುವ ಕಾಳಿಯ ನಡುಭಾಗದಲ್ಲಿ ದುಡಿದು, ಅದರ ಬಾಯಿಗೆ ಬಂದು ಕುಳಿತಿದ್ದೇನೆ.

ಕೋಡಿಬಾಗವು ಕಾರವಾರ ನಗರದೊಳಗೇ ಸೇರಿದ ಕೇರಿ. ಪೇಟೆಗೆ ನಡೆದು ಹೋದರೆ ಅರ್ಧ ಗಂಟೆಯ ಹಾದಿ. ರವಿವಾರದ ಸಂತೆಗೆ ನಾನು ಇಂದಿಗೂ ಚೀಲ ಹಿಡಿದು ನಡೆದೇ ಹೋಗುತ್ತೇನೆ. ಮನೆಯ ಉತ್ತರಕ್ಕೆ ಹೊಳೆ, ಹೊಳೆಯಾಚೆ ಸದಾಶಿವಗಡದ ಗುಡ್ಡ, ಎಡಕ್ಕೆ ತಿರುಗಿದರೆ ಸಮುದ್ರ. ಚಿರೇಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಅಂಗಳದಲ್ಲಿ ತುಳಸೀಕಟ್ಟೆ, ಹಿತ್ತಿಲಲ್ಲಿ ತೆಂಗು. ಬೇಸಿಗೆಯಲ್ಲಿ ಬಾವಿಯ ನೀರು ತುಸು ಉಪ್ಪಾಗುತ್ತದೆ. ದಿನಕ್ಕೆರಡು ಬಾರಿ ಉಬ್ಬರ ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಇಳಿತದ ಹೊತ್ತಿನಲ್ಲಿ ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಕೈಯಿಂದ ಕೆಸರು ತಡವಿ ಚಿಪ್ಪಿಕಲ್ಲು ಆಯುತ್ತಾರೆ. ಮನೆಗಳಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಹಿರಿಯರ ಹಳೆಯ ಪೆಟ್ಟಿಗೆಗಳಲ್ಲಿ ಮರಾಠಿ ಪುಸ್ತಕಗಳು. ಬಯಲುಸೀಮೆಯ ಅಂಚಿನ ಹಳಿಯಾಳದವನಾದ ನನಗೆ ಇದೆಲ್ಲ ಹೊಸದು. ಆದುದರಿಂದ ಮೊದಲ ವರ್ಷ ನಾನು ವಿದ್ಯಾರ್ಥಿಯಾದೆ.

ಕಾರವಾರದ ಚರಿತ್ರೆಯನ್ನು ಓದಹೊರಟವನಿಗೆ ಮೊದಲು ಎದುರಾಗುವ ಆಶ್ಚರ್ಯವೆಂದರೆ, ಹಳೆಯ ಕಾರವಾರ ಇಂದಿನ ಕಾರವಾರವಿರುವ ಸ್ಥಳದಲ್ಲಿ ಇರಲೇ ಇಲ್ಲ. ಅದು ಹೊಳೆಯಲ್ಲಿ ಕೆಲವು ಕಿಲೋಮೀಟರ್ ಒಳಗೆ, ಕಡವಾಡದಲ್ಲಿತ್ತು. ಅಂದಿನ ಹಡಗುಗಳಿಗೆ ಬಯಲು ಕಡಲಿನ ದಂಡೆಗಿಂತ ಅಳಿವೆಯೊಳಗಿನ ಶಾಂತವಾದ ನೀರು ಕ್ಷೇಮಕರ. ಗಾಳಿ ಅಲ್ಲಿಗೆ ತಲುಪದು, ಕಡಲ್ಗಳ್ಳರು ಸುಲಭವಾಗಿ ನುಗ್ಗಲಾರರು, ಘಟ್ಟದ ಮೇಲಿನಿಂದ ಎತ್ತುಗಳ ಬೆನ್ನಿನ ಮೇಲೆ ಇಳಿದ ಸರಕನ್ನು ದೋಣಿಗೆ ತುಂಬುವುದೂ ಹತ್ತಿರ. ಇಂಗ್ಲೆಂಡಿನ ಅರಸು ಒಂದನೆಯ ಚಾರ್ಲ್ಸ್ ಈಸ್ಟ್ ಇಂಡಿಯಾ ಕಂಪನಿಗೆ ಪ್ರತಿಸ್ಪರ್ಧಿಯಾಗಿ ಅನುಮತಿ ನೀಡಿದ್ದ ಕೋರ್ಟೀನ್ ಸಂಘದವರು 1638ರಲ್ಲಿ ಇಲ್ಲಿ ಕೋಠಿ ತೆರೆದರು. ಕೋಠಿಯೆಂದರೆ ಕಾರ್ಖಾನೆಯಲ್ಲ, ವ್ಯಾಪಾರದ ಉಗ್ರಾಣ. ಬಿಜಾಪುರದ ಆದಿಲಶಾಹಿಗಳ ಆಡಳಿತದ ಕಾಲ ಅದು. ಮುಂದೆ ಈ ಕೋಠಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಹುಬ್ಬಳ್ಳಿಯ ಕಡೆಯ ನೇಕಾರರು ನೇಯ್ದ ನವಿರಾದ ಬಟ್ಟೆ, ಸೋಂದೆಯ ಸೀಮೆಯ ಕಾಳುಮೆಣಸು, ಏಲಕ್ಕಿ ಇವೆಲ್ಲವೂ ನಮ್ಮ ಮನೆಯ ಮುಂದಿನ ಈ ನೀರಿನ ಮೇಲಿಂದಲೇ ಹಾದು ಯುರೋಪಿಗೆ ಹೋದವು. ಕಡವಾಡಕ್ಕೆ ಹೋಗುವ ಹಾದಿಯಲ್ಲಿ ಸುಂಕೇರಿ ಎಂಬ ಕೇರಿಯಿದೆ. ಆ ಹೆಸರನ್ನು ಕೇಳಿದಾಗಲೆಲ್ಲ ನನ್ನ ಕಿವಿಗೆ 'ಸುಂಕ'ದ ಸದ್ದು ಕೇಳಿಸುತ್ತದೆ.

ಸಂಪತ್ತು ಇದ್ದಲ್ಲಿಗೆ ಕತ್ತಿಯೂ ಬರುತ್ತದೆ. 1665ರಲ್ಲಿ ಬಸ್ರೂರನ್ನು ಸೂರೆಗೊಂಡು ಮರಳುತ್ತಿದ್ದ ಶಿವಾಜಿ ಕಾಳಿಯ ದಂಡೆಗೆ ಬಂದು ಕಾರವಾರದಿಂದ ಕಾಣಿಕೆ ವಸೂಲು ಮಾಡಿದ. ಅದರಲ್ಲಿ ಇಂಗ್ಲಿಷರ ಪಾಲು 112 ಪೌಂಡು. ಅದನ್ನು ಅವರು ತಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಂಡದ್ದರಿಂದಲೇ ಇಂದು ನಮಗೆ ತಿಳಿದಿದೆ. ತರಗತಿಯಲ್ಲಿ ನಾನು ಹೇಳುತ್ತಿದ್ದ ಮಾತೊಂದು ನಿಮಗೆ ನೆನಪಿರಬಹುದು: ಚರಿತ್ರೆಯಲ್ಲಿ ವೀರರಿಗಿಂತ ಗುಮಾಸ್ತರು ಹೆಚ್ಚು ಕಾಲ ಬಾಳುತ್ತಾರೆ.

ಸದಾಶಿವಗಡದ ಕೋಟೆ ಅದಕ್ಕಿಂತ ಈಚಿನದು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಸೋಂದೆಯ ಅರಸು ಬಸವಲಿಂಗನು ಅದನ್ನು ಕಟ್ಟಿಸಿ ತನ್ನ ತಂದೆ ಸದಾಶಿವನ ಹೆಸರನ್ನು ಇಟ್ಟನು. ಗುಡ್ಡವು ನದಿಯ ಬಾಯಿಗೆ ಬೀಗ ಹಾಕಿದಂತಿದೆ. ಅದು ಯಾರ ಕೈಯಲ್ಲಿದೆಯೋ ಅವರದೇ ಹೊಳೆ. 1752ರಲ್ಲಿ ಅದು ಪೋರ್ತುಗೀಸರ ವಶವಾಯಿತು, ಕೆಲ ಕಾಲದಲ್ಲೇ ಸೋಂದೆಗೆ ಮರಳಿತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಅನಂತರ ಸೋಂದೆಯ ಸೀಮೆಯೂ ಅವನದಾಯಿತು, ಸೋಂದೆಯ ಅರಸು ಗೋವೆಗೆ ಓಡಿಹೋದನು. 1799ರಲ್ಲಿ ಟೀಪು ಮಡಿದ ಮೇಲೆ ಈ ಪ್ರದೇಶ ಇಂಗ್ಲಿಷರ ಪಾಲಾಯಿತು. ಎರಡು ವರ್ಷ ಕಳೆದು, 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಸರಕಾರದ ಆದೇಶದಂತೆ ನಾಡನ್ನು ಸುತ್ತುತ್ತ ಇಲ್ಲಿಗೆ ಬಂದಾಗ ಹಳೆಯ ಕಾರವಾರ ಪಾಳು ಬಿದ್ದಿತ್ತು. ನೂರೈವತ್ತು ವರ್ಷ ಯುರೋಪಿನ ಹಡಗುಗಳನ್ನು ಕರೆಸಿಕೊಂಡ ಊರೊಂದು ಹೀಗೆ ಮುಳುಗಿತು. ಅದನ್ನು ಮುಳುಗಿಸಿದ್ದು ನೀರಲ್ಲ, ಯುದ್ಧಗಳು.

ಇಂದಿನ ಕಾರವಾರ ಹುಟ್ಟಿದ್ದು ಹತ್ತಿಯ ಆಸೆಯಿಂದ. 1861ರಿಂದ 1865ರವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬಾರದಂತಾಯಿತು. ಲಂಕಾಶೈರಿನ ಗಿರಣಿ ಮಾಲೀಕರ ಕಣ್ಣು ಧಾರವಾಡದ ಕಪ್ಪು ಮಣ್ಣಿನ ಹತ್ತಿಯ ಮೇಲೆ ಬಿತ್ತು. ಅದನ್ನು ಹಡಗಿಗೇರಿಸಲು ಹತ್ತಿರದ ಬಂದರು ಯಾವುದು? ಸದಾಶಿವಗಡ! ಮ್ಯಾಂಚೆಸ್ಟರಿನಲ್ಲಿ ಈ ಹೆಸರನ್ನು ಉಚ್ಚರಿಸಲಾರದೆ 'ಸೆಡಾಶೆಗರ್' ಎನ್ನುತ್ತಿದ್ದರು. ಮ್ಯಾಂಚೆಸ್ಟರ್ ಕಾಟನ್ ಕಂಪನಿಯೆಂಬ ಸಂಸ್ಥೆಯು ಹೊಳೆಯಾಚೆ ನೆಲೆಯೂರಲು ಯತ್ನಿಸಿ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ಆದರೆ ಆ ಗದ್ದಲದ ನಡುವೆಯೇ, 1862ರಲ್ಲಿ, ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು, ಕಾರವಾರ ಜಿಲ್ಲೆಯ ಮುಖ್ಯಸ್ಥಳವಾಯಿತು. ಕಚೇರಿಗಳು ಬಂದವು, ನ್ಯಾಯಾಲಯ ಬಂತು, ಘಟ್ಟದ ರಸ್ತೆಗಳಾದವು. ಮೀನುಗಾರರ ಹಳ್ಳಿಗಳಾಗಿದ್ದ ಕೋಡಿಬಾಗ, ಕಾಜುಬಾಗ, ಬಾಡ, ಬೈತಕೋಲಗಳು ಒಂದು ನಗರದ ಕೇರಿಗಳಾದವು.

ಆ ಭಾಗ್ಯವೂ ಬಹಳ ಕಾಲ ನಿಲ್ಲಲಿಲ್ಲ. ಕ್ಯಾಸಲ್‌ರಾಕಿನ ಮೂಲಕ ಮರ್ಮಗೋವೆಗೆ ರೈಲುದಾರಿ 1888ರ ಹೊತ್ತಿಗೆ ಸಿದ್ಧವಾದಾಗ ಧಾರವಾಡದ ಹತ್ತಿ ಗಾಡಿಯಿಂದಿಳಿದು ರೈಲು ಹತ್ತಿತು. ಕಾರವಾರಕ್ಕೆ ರೈಲು ಬರಲು ಇನ್ನೂ ನೂರು ವರ್ಷಗಳು ಬೇಕಾದವು. ಕೊಂಕಣ ರೈಲ್ವೆ ಪೂರ್ಣವಾಗಿ ಓಡಲಾರಂಭಿಸಿದ್ದು 1998ರಲ್ಲಿ. ದಾಂಡೇಲಿಯ ವಿದ್ಯಾರ್ಥಿಗಳಿಗೆ ಈ ಕಥೆ ಅರ್ಥವಾಗುತ್ತದೆ. ಊರಿನ ಹಣೆಬರಹವನ್ನು ಅದರ ಜನರಿಗಿಂತ ಹೆಚ್ಚಾಗಿ ಬೇರೆಲ್ಲೋ ಹಾಕಿದ ಹಳಿ, ಬೇರೆಲ್ಲೋ ಆದ ಯುದ್ಧ, ಬೇರೆಲ್ಲೋ ಬೇಕಾದ ಸರಕು ನಿರ್ಧರಿಸುವುದನ್ನು ಕಾಗದದ ಕಾರ್ಖಾನೆಯ ಊರಿನಲ್ಲಿ ಬೆಳೆದವರು ಕಂಡಿದ್ದಾರೆ.

ಬಂಗಾಳದ ರವೀಂದ್ರನಾಥ ಠಾಕೂರರ ಕಥೆಯನ್ನು ಹೇಳದೆ ಈ ಕೇರಿಯ ಚರಿತ್ರೆ ಪೂರ್ಣವಾಗದು. ಅವರ ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯರು. 1880ರ ದಶಕದ ಆರಂಭದಲ್ಲಿ ಅವರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಇಪ್ಪತ್ತರ ಹರೆಯದ ತಮ್ಮ ಬಂದು ಉಳಿದರು. 1884ರಲ್ಲಿ ಪ್ರಕಟವಾದ 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಅವರು ಬರೆದದ್ದು ಇಲ್ಲಿ. ತಮ್ಮ ಆತ್ಮಕಥನದಲ್ಲಿ ಅವರು ಒಂದು ಬೆಳದಿಂಗಳ ರಾತ್ರಿಯನ್ನು ನೆನೆದಿದ್ದಾರೆ. ದೋಣಿಯಲ್ಲಿ ಕಾಳಿಯ ಹರಿವಿಗೆದುರಾಗಿ ಹೋಗಿ, ಶಿವಾಜಿಯ ಹಳೆಯ ಗುಡ್ಡದ ಕೋಟೆಯೊಂದರ ಬುಡದಲ್ಲಿಳಿದು, ಗುಡಿಸಿ ಸಾರಿಸಿದ ರೈತನೊಬ್ಬನ ಅಂಗಳದಲ್ಲಿ ಊಟ ಮಾಡಿ, ಮರಳುವಾಗ ದೋಣಿಯನ್ನು ಹರಿವಿಗೇ ಬಿಟ್ಟು ಅಳಿವೆಯವರೆಗೆ ತೇಲಿ ಬಂದು, ಅಲ್ಲಿಂದ ಮರಳಿನ ಮೇಲೆ ಮನೆಯವರೆಗೆ ನಡೆದರಂತೆ. ಕಡಲತೀರಕ್ಕೆ ಇಂದು ಅವರ ಹೆಸರಿದೆ. ನನಗೆ ಮಾತ್ರ ಹೆಸರಿಗಿಂತ ಆ ರೈತನ ಅಂಗಳವೇ ಹೆಚ್ಚು ನೆನಪಾಗುತ್ತದೆ. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಆದರೆ ಸಾರಿಸಿದ ಅಂಗಳದಿಂದಲೇ ಅವನು ಒಂದು ಪುಸ್ತಕದೊಳಗೆ ಉಳಿದುಕೊಂಡ.

ಇನ್ನು ತಾರಿಯ ವಿಷಯ. ಸೇತುವೆಯಾಗುವ ಮೊದಲು ಹೊಳೆ ದಾಟಲು ಕೋಡಿಬಾಗದಿಂದ ಸದಾಶಿವಗಡಕ್ಕೆ ತಾರಿಯಿತ್ತು. ನನ್ನ ಮಾವನವರು ಪ್ರಾಥಮಿಕ ಶಾಲೆಯ ಶಿಕ್ಷಕರು, ಹೊಳೆಯಾಚೆಯ ಶಾಲೆಗೆ ಪ್ರತಿದಿನ ತಾರಿಯಲ್ಲೇ ಹೋಗಿಬರುತ್ತಿದ್ದರು. ಮಳೆಗಾಲದಲ್ಲಿ ಕೆಂಪು ನೀರು ಬಂದಾಗ ದೋಣಿಯವನು ಮೊದಲು ಹೊಳೆಯ ಮೇಲ್ಭಾಗಕ್ಕೆ ಹುಟ್ಟು ಹಾಕಿ, ಅನಂತರ ಹರಿವಿಗೆ ಓರೆಯಾಗಿ ಬಿಟ್ಟು, ಆಚೆಯ ಕಡವನ್ನು ಸರಿಯಾಗಿ ಮುಟ್ಟುತ್ತಿದ್ದನಂತೆ. "ಆ ಲೆಕ್ಕವನ್ನು ನಾನು ಏಳನೆಯ ತರಗತಿಯವರಿಗೂ ಕಲಿಸಲಾರೆ, ಆತ ಶಾಲೆಗೇ ಹೋಗದೆ ಕಲಿತಿದ್ದಾನೆ" ಎಂದು ಮಾವನವರು ಹೇಳುತ್ತಿದ್ದರು. 1983ರಲ್ಲಿ ಸೇತುವೆಯಾಯಿತು. ತಾರಿ ನಿಂತಿತು. ಮರುವರ್ಷ ನನ್ನ ಮದುವೆಯ ದಿಬ್ಬಣಕ್ಕೆ ಬಂದ ಹಳಿಯಾಳದ ಹಿರಿಯರು ಹೊಸ ಸೇತುವೆಯ ಮೇಲೆ ನಿಂತು ಕಡಲನ್ನು ನೋಡಿದ್ದನ್ನು ಹಲವು ವರ್ಷ ಹೇಳಿಕೊಂಡರು.

ಆ ಸೇತುವೆಯೇ ನಲವತ್ತೊಂದು ವರ್ಷಗಳ ಬಳಿಕ ಬಿದ್ದದ್ದು. ಹೆದ್ದಾರಿಯ ಅಗಲೀಕರಣದಲ್ಲಿ ಪಕ್ಕದಲ್ಲಿ ಹೊಸ ಸೇತುವೆಯಾಗಿದ್ದುದರಿಂದ ಹಳೆಯದರ ಮೇಲೆ ಗೋವಾ ಕಡೆಯಿಂದ ಬರುವ ವಾಹನಗಳು ಮಾತ್ರ ಸಾಗುತ್ತಿದ್ದವು. ಅಂದು ರಾತ್ರಿ ಜೋರು ಮಳೆ. ಮಲಗಿದ್ದ ನನಗೆ ಕೇಳಿದ್ದು ಗುಡುಗೆಂದೇ ಭಾವಿಸಿದೆ. ಪತ್ನಿ ಎದ್ದು ಕುಳಿತು, "ಇದು ಮೇಲಿನದಲ್ಲ, ಹೊಳೆಯದು" ಎಂದಳು. ಸೇತುವೆಯೊಡನೆ ಒಂದು ಲಾರಿ ನೀರಿಗೆ ಬಿದ್ದಿತ್ತು. ತಮಿಳುನಾಡಿನ ಚಾಲಕನು ಲಾರಿಯ ಮೇಲೇರಿ ಕುಳಿತಿದ್ದನು. ಪೊಲೀಸರೂ ಮೀನುಗಾರರೂ ಸೇರಿ ಆ ಕತ್ತಲೆಯಲ್ಲಿ ಅವನನ್ನು ಪಾರುಮಾಡಿದರು. ಬೆಳಗ್ಗೆ ನಾವು ಹೋಗಿ ನೋಡಿದಾಗ ಮುರಿದ ತುಂಡುಗಳು ಕಂದು ನೀರಿನಲ್ಲಿ ಓರೆಯಾಗಿ ಬಿದ್ದಿದ್ದವು. ಸೇರಿದ ಜನರಲ್ಲಿ ಹಿರಿಯ ಮೀನುಗಾರನೊಬ್ಬ ಅದನ್ನು ತುಂಬ ಹೊತ್ತು ನೋಡಿ, "ತಾರಿ ಇದ್ದಾಗ ಹೊಳೆಗೆ ಹೆದರುತ್ತಿದ್ದೆವು, ಸೇತುವೆಯಾದ ಮೇಲೆ ಮರೆತೆವು" ಎಂದು ಕೊಂಕಣಿಯಲ್ಲಿ ಹೇಳಿದ.

ಹೊಳೆಯ ದಂಡೆಯಲ್ಲಿ ಭಯವಿಲ್ಲವೆಂದು ನಾನು ಹೇಳಲಾರೆ. 2009ರ ಅಕ್ಟೋಬರಿನಲ್ಲಿ ಇದೇ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು ಮನೆಗಳು ಮಣ್ಣಿನಡಿ ಸಿಕ್ಕಿ ಅನೇಕರು ಸತ್ತರು. 2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ನದಿಪಾತ್ರದ ಹಳ್ಳಿಗಳು ಜಲಾವೃತವಾದವು. ಮಳೆಗಾಲದಲ್ಲಿ ಒಳಹರಿವು, ಹೊರಹರಿವು ಎಂಬ ಶಬ್ದಗಳು ಈಗ ಮೀನು ಮಾರುವ ಹೆಂಗಸರ ಬಾಯಲ್ಲೂ ಇವೆ. ಮೊದಲು ಹೊಳೆ ಮಳೆಯ ಮಾತು ಕೇಳುತ್ತಿತ್ತು, ಈಗ ಮಳೆಯ ಮಾತನ್ನೂ ಕೇಳುತ್ತದೆ, ಅಣೆಕಟ್ಟೆಯ ಬಾಗಿಲಿನ ಮಾತನ್ನೂ ಕೇಳುತ್ತದೆ.

ಈ ಬಾಗಿಲುಗಳ ಮಾತು ಬಂದಾಗ ನಾನು ಮತ್ತೆ ಅಂಬಿಕಾನಗರಕ್ಕೆ ಹೋಗಬೇಕಾಗುತ್ತದೆ. ವಿಜ್ಞಾನದ ಮೇಷ್ಟರು ನಿಮಗೆ ಹೇಳಿಕೊಟ್ಟದ್ದನ್ನು ಇಲ್ಲಿ ನೆನಪಿಸುತ್ತೇನೆ. ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆ ನೀರನ್ನು ಹಿಡಿದಿಡುತ್ತದೆ. ಅದರ ಬುಡದಲ್ಲಿ 100 ಮೆಗಾವ್ಯಾಟಿನ ವಿದ್ಯುದಾಗಾರ. ಕೆಳಗೆ ಬೊಮ್ಮನಹಳ್ಳಿಯ ಜಲಾಶಯ, ಅಲ್ಲಿಂದ ಸುರಂಗದ ಮೂಲಕ ನೀರು ಸಾಗಿ ನಾಗಝರಿಯ ಕಣಿವೆಗೆ ಧುಮುಕಿ ಆರು ಘಟಕಗಳನ್ನು ತಿರುಗಿಸುತ್ತದೆ. ಅವುಗಳ ಸಾಮರ್ಥ್ಯ 800 ಮೆಗಾವ್ಯಾಟಿಗೂ ಮಿಕ್ಕಿದ್ದು. ಆಮೇಲೆ ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150. ನಡುವೆ ಕೈಗಾದ ಅಣುಸ್ಥಾವರವನ್ನು ತಂಪಾಗಿಡುವುದೂ ಈ ನೀರೇ. ಒಂದೇ ನೀರು ನಾಲ್ಕು ಸಲ ದುಡಿದು ದಣಿದು ಕೋಡಿಬಾಗಕ್ಕೆ ಬಂದು ಉಪ್ಪುನೀರಿನೊಡನೆ ಬೆರೆಯುತ್ತದೆ. ಸಂಜೆ ದಂಡೆಯ ಮೇಲೆ ಕುಳಿತಾಗ, ಈ ನೀರು ಕೆಲವು ದಿನಗಳ ಹಿಂದೆ ನಮ್ಮ ಶಾಲೆಯಿಂದ ಕಾಣುತ್ತಿದ್ದ ಕಣಿವೆಯಲ್ಲಿತ್ತು ಎಂದುಕೊಳ್ಳುವುದು ನನ್ನ ಮುದಿತನದ ಒಂದು ವಿನೋದ.

ಆದರೆ ಈ ವಿನೋದದ ಅಡಿಯಲ್ಲಿ ಒಂದು ಊರಿದೆ. ಅದರ ಹೆಸರು ಸೂಪಾ. ಪಾಂಢರಿ ನದಿ ಕಾಳಿಯನ್ನು ಕೂಡುವಲ್ಲಿ ಇದ್ದ ಊರದು. ತಾಲೂಕಿನ ಮುಖ್ಯಸ್ಥಳ, ಅಂದರೆ ಕಚೇರಿ, ಪೇಟೆ, ಹೊಳೆದಂಡೆಯ ಮನೆಗಳು ಎಲ್ಲ ಒಂದೇ ಕಡೆ ಇದ್ದ ಊರು. ಕೋಡಿಬಾಗವನ್ನು ನೋಡಿದಾಗ ನನಗೆ ನೆನಪಾಗುವುದು ಅದೇ. ಎಂಬತ್ತರ ದಶಕದಲ್ಲಿ ಜಲಾಶಯ ತುಂಬಿದಾಗ ಸೂಪಾ ಮುಳುಗಿತು. ಜನರು ರಾಮನಗರಕ್ಕೂ ಬೇರೆ ಕಡೆಗಳಿಗೂ ಹೋದರು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು. ಸುಮಾರು 147 ಟಿ.ಎಂ.ಸಿ. ನೀರು ನಿಲ್ಲುವ ಆ ಜಲಾಶಯಕ್ಕೆ ಮಾತ್ರ ಸೂಪಾ ಎಂಬ ಹೆಸರೇ ಉಳಿಯಿತು. ಊರನ್ನು ನುಂಗಿದ ನೀರು ಊರಿನ ಹೆಸರನ್ನು ಇಟ್ಟುಕೊಂಡಿತು.

ಈಗ ನನ್ನ ತಪ್ಪೊಪ್ಪಿಗೆ. 1986ರಲ್ಲಿ ಒಂಬತ್ತನೆಯ ತರಗತಿಗೆ 'ನಮ್ಮ ಊರು' ಎಂಬ ಪ್ರಬಂಧವನ್ನು ಕೊಟ್ಟಿದ್ದೆ. ಹೆಚ್ಚಿನವರು ಅಂಬಿಕಾನಗರದ ಬಗ್ಗೆ ಬರೆದರು, ಕೆಲವರು ಅಪ್ಪ ಅಮ್ಮಂದಿರ ಊರಿನ ಬಗ್ಗೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಸೂಪಾದ ಬಗ್ಗೆ ಬರೆದಿದ್ದ. ಅವನ ಕುಟುಂಬ ಅಲ್ಲಿಂದ ಎದ್ದು ಬಂದಿತ್ತು. ಮಾತು ಕಡಮೆ, ಅಕ್ಷರ ಚೆನ್ನ. "ನಮ್ಮ ಮನೆಯ ಮೆಟ್ಟಿಲಿನಿಂದ ಹೊಳೆ ಕಾಣುತ್ತದೆ. ಸಂತೆಯ ದಿನ ಅಜ್ಜಿ ನನಗೆ ಹುರಿಗಡಲೆ ಕೊಡಿಸುತ್ತಾಳೆ. ಹೊಳೆಯ ಬದಿಯಲ್ಲಿ ದೊಡ್ಡ ಮಾವಿನ ಮರವಿದೆ" ಎಂಬಂತೆ ಎರಡು ಪುಟ. ಎಲ್ಲ ವಾಕ್ಯಗಳೂ ವರ್ತಮಾನಕಾಲದಲ್ಲಿ. ನಾನು ಇಪ್ಪತ್ತೇಳರ ಹರೆಯದ ಮೇಷ್ಟರು, ವ್ಯಾಕರಣವೇ ಸತ್ಯವೆಂದು ನಂಬಿದ್ದವನು. ಕೆಂಪು ಶಾಯಿಯಿಂದ ಪ್ರತಿಯೊಂದು ಕ್ರಿಯಾಪದದ ಕೆಳಗೂ ಗೆರೆ ಎಳೆದು, ಅಂಚಿನಲ್ಲಿ, "ಕಾಲಪ್ರಯೋಗ ತಪ್ಪು. ಈ ಊರು ಈಗ ಇಲ್ಲ. ಭೂತಕಾಲದಲ್ಲಿ ಬರೆಯಬೇಕು" ಎಂದು ಬರೆದು ಎರಡು ಅಂಕ ಕಳೆದೆ.

ಅವನು ಏನೂ ಹೇಳಲಿಲ್ಲ. ಪುಸ್ತಕವನ್ನು ತೆಗೆದುಕೊಂಡು ಹೋಗಿ ತನ್ನ ಜಾಗದಲ್ಲಿ ಕುಳಿತ. ಆ ವರ್ಷದಲ್ಲಿ ಅವನು ಬರೆದ ಮುಂದಿನ ಪ್ರಬಂಧಗಳೆಲ್ಲ ಅರ್ಧ ಪುಟವನ್ನು ದಾಟಲಿಲ್ಲ. ವ್ಯಾಕರಣದ ತಪ್ಪು ಒಂದೂ ಇರುತ್ತಿರಲಿಲ್ಲ. ನಾನು ಅದನ್ನು ಸುಧಾರಣೆಯೆಂದೇ ತಿಳಿದಿದ್ದೆ.

ಇದನ್ನು ನಾನು ಮೂವತ್ತು ವರ್ಷ ಮರೆತಿದ್ದೆ. ನೆನಪಾದದ್ದು ಇಲ್ಲಿಗೆ ಬಂದ ಮೇಲೆ. ನನ್ನ ಪತ್ನಿ ಸಂಜೆ ನಡೆದಾಡಲು ಹೊರಡುವಾಗ, "ತಾರಿಯ ಹತ್ತಿರ ಹೋಗಿ ಬರೋಣ" ಎನ್ನುತ್ತಾಳೆ. ಅಲ್ಲಿ ತಾರಿಯಿಲ್ಲ, ನಲವತ್ತು ವರ್ಷಗಳಿಂದ ಇಲ್ಲ. ಮೊದಮೊದಲು ನಾನು, "ತಾರಿ ಇತ್ತು ಎನ್ನು" ಎಂದು ಅಭ್ಯಾಸಬಲದಿಂದ ತಿದ್ದುತ್ತಿದ್ದೆ. ಒಂದು ದಿನ ಅವಳು ನಿಂತು, "ನಿಮಗೆ ಇತ್ತು. ನನಗೆ ಇದೆ" ಎಂದಳು. ಅಂದು ಮನೆಗೆ ಬರುವ ದಾರಿಯಲ್ಲಿ ಆ ಹುಡುಗನ ಎರಡು ಪುಟಗಳೂ ನನ್ನ ಕೆಂಪು ಗೆರೆಗಳೂ ಕಣ್ಣೆದುರು ಬಂದು ನಿಂತವು. ಹದಿನಾಲ್ಕು ವರ್ಷದ ಹುಡುಗನಿಗೆ ತನ್ನ ಊರು ಮುಳುಗಿದೆಯೆಂದು ಗೊತ್ತಿರಲಿಲ್ಲವೇ? ನನಗಿಂತ ಚೆನ್ನಾಗಿ ಗೊತ್ತಿತ್ತು. ಅವನು ಕಾಲವನ್ನು ತಪ್ಪಾಗಿ ಬಳಸಿರಲಿಲ್ಲ, ಬೇಕೆಂದೇ ಬಳಸಿದ್ದ. ಅವನ ಊರು ಉಳಿದಿದ್ದ ಜಾಗ ಆ ಎರಡು ಪುಟ ಮಾತ್ರ. ಅದನ್ನೂ ನಾನು ಮುಳುಗಿಸಿದೆ.

ನಾನು ಸಂಬಳ ಪಡೆದ ಊರು, ನನ್ನ ಮಗಳು ಓದಿದ ಬೆಳಕು, ರಾಜ್ಯದ ಎಷ್ಟೋ ಮನೆಗಳ ದೀಪಗಳು ಆ ನೀರಿನ ಫಲ. ಆ ಯೋಜನೆ ಬೇಡವಾಗಿತ್ತೆಂದು ಹೇಳುವಷ್ಟು ಕೃತಘ್ನನೂ ನಾನಲ್ಲ, ಸರಳನೂ ಅಲ್ಲ. ಕಡಲತೀರದಲ್ಲಿ ಅರಗದ ನೌಕಾನೆಲೆಗಾಗಿಯೂ ಜನ ಊರು ಬಿಟ್ಟರು, ನೆಲೆ 2005ರಲ್ಲಿ ಸೇವೆಗೆ ಸಮರ್ಪಿತವಾಯಿತು. ಒಂದೇ ಜಿಲ್ಲೆ ಎಷ್ಟು ಸಲ ನಾಡಿಗಾಗಿ ಎದ್ದು ಜಾಗ ಬಿಡಬೇಕು ಎಂಬುದು ದೊಡ್ಡವರು ಚರ್ಚಿಸಬೇಕಾದ ಪ್ರಶ್ನೆ. ಆದರೆ ಎದ್ದು ಹೋದವರ ಮಾತನ್ನು ಅವರು ಹೇಳಿದ ಕಾಲದಲ್ಲೇ ಕೇಳಿಸಿಕೊಳ್ಳುವುದು ಒಬ್ಬ ಮೇಷ್ಟರ ಕೈಯಲ್ಲೇ ಇತ್ತು. ಅಷ್ಟನ್ನು ನಾನು ಮಾಡಲಿಲ್ಲ.

ಈಗ ಮೊದಲ ಪ್ರಶ್ನೆಗೆ ಉತ್ತರ. ಈ ಮನೆಯನ್ನು ಏಕೆ ಮಾರುವುದಿಲ್ಲ? ಎಷ್ಟೋ ಜನರಿಗೆ ಹೊಳೆದಂಡೆಯ ಮನೆಯನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬ ಆಯ್ಕೆಯೇ ಇರಲಿಲ್ಲ. ನನಗೆ ಇದೆ. ಕಡವಾಡದ ಪೇಟೆ ಹೋಯಿತು, ಮ್ಯಾಂಚೆಸ್ಟರಿನ ಕಂಪನಿ ಹೋಯಿತು, ತಾರಿ ಹೋಯಿತು, ಅದನ್ನು ಕೊನೆಗಾಣಿಸಿದ ಸೇತುವೆಯೂ ಹೋಯಿತು. ಇಳಿತದ ಹೊತ್ತಿನಲ್ಲಿ ಚಿಪ್ಪಿ ಆಯುವ ಹೆಂಗಸರು ಮಾತ್ರ ಇದ್ದಾರೆ. ಅವರು ಇರುವವರೆಗೆ ಈ ಕೇರಿಗೆ ಭೂತಕಾಲ ಸಲ್ಲದು ಎಂದು ನನ್ನ ಈಗಿನ ವ್ಯಾಕರಣ ಹೇಳುತ್ತದೆ. ನೀರು ಅಂಗಳಕ್ಕೆ ಬಂದ ದಿನ ಮಗಳ ಮಾತು ಕೇಳಿ ಹೊರಡುತ್ತೇನೆ, ಹಟಮಾರಿಯಲ್ಲ. ಅದುವರೆಗೆ ಇಲ್ಲಿದ್ದೇನೆ.

ಆ ಹುಡುಗನ ಹೆಸರನ್ನು ನಾನು ಬರೆಯುವುದಿಲ್ಲ. ಅವನಿಗೂ ಈಗ ಐವತ್ತು ದಾಟಿರಬೇಕು. ಅವನ ಸಹಪಾಠಿಗಳು ಇದನ್ನು ಓದಿದರೆ ಯಾರೆಂದು ಅವರಿಗೆ ಹೊಳೆಯಬಹುದು. ದಯವಿಟ್ಟು ಅವನಿಗೆ ತಲುಪಿಸಿ. ಕಳೆದ ಎರಡು ಅಂಕಗಳನ್ನು ಮರಳಿ ಸೇರಿಸಿದ್ದೇನೆಂದು ಹೇಳುವುದು ಬಾಲಿಶವಾದೀತು, ಆ ಅಂಕಪಟ್ಟಿ ಎಂದೋ ಗೆದ್ದಲು ಹಿಡಿದಿರುತ್ತದೆ. ಆ ಪುಸ್ತಕ ಅವನ ಬಳಿ ಇನ್ನೂ ಇದ್ದರೆ ನನಗೊಮ್ಮೆ ಓದಲು ಕೊಡಲಿ. ಇಲ್ಲದಿದ್ದರೆ ಕಾರವಾರಕ್ಕೆ ಬಂದಾಗ ಮನೆಗೆ ಬಂದು ಬಾಯಲ್ಲೇ ಹೇಳಲಿ. ಸೂಪಾದ ಮೆಟ್ಟಿಲಿನಿಂದ ಹೊಳೆ ಹೇಗೆ ಕಾಣುತ್ತದೆ ಎಂಬುದನ್ನು ಕೇಳುತ್ತೇನೆ, ನಡುವೆ ತಿದ್ದುವುದಿಲ್ಲ.

ಉಳಿದವರಿಗೂ ಆಹ್ವಾನವಿದೆ. ಸಂಜೆ ನಾಲ್ಕರ ಮೇಲೆ ಬನ್ನಿ, ಬಿಸಿಲು ಇಳಿದಿರುತ್ತದೆ. ದಾರಿ ತಿಳಿಯದಿದ್ದರೆ ತಾರಿ ಎಲ್ಲಿದೆ ಎಂದು ಹಿರಿಯರನ್ನು ಕೇಳಿ. ತೋರಿಸುತ್ತಾರೆ.